ಕ್ಯಾಮೆರಾದ ತಲೆಯಿಂದಿಳಿದ ಬೆಳಕು

ಅಂತರಪಟ ಸರಿಯುತ್ತದೆ, ವಧೂವರರು ಒಬ್ಬರ ತಲೆಗೊಬ್ಬರು ಜೀರಿಗೆ-ಬೆಲ್ಲ ಹಾಕುತ್ತಾರೆ. ಎರಡು ಸೆಕೆಂಡಿನ ಮಾತು. ಕ್ಯಾಮೆರಾದ ನೆತ್ತಿಯ ಮೇಲಿನ ಫ್ಲ್ಯಾಶ್ ಹೊಡೆದರೆ ಮದುಮಗಳ ಮುಖ ಹಪ್ಪಳದಂತೆ ಚಪ್ಪಟೆ, ಪುರೋಹಿತರ ಕನ್ನಡಕದಲ್ಲಿ ಬಿಳಿ ಚುಕ್ಕೆ. ಅದೇ ಫ್ಲ್ಯಾಶನ್ನು ಮಂಟಪದ ಹಿಂಗಂಬದ ಬಳಿ ಸ್ಟ್ಯಾಂಡಿಗೇರಿಸಿ, ಹದಿನಾರನೇ ಒಂದು ಪಾಲು ಶಕ್ತಿಗೆ ಇಳಿಸಿ, ಓರೆಯಾಗಿ ಹೊಡೆಯಿರಿ. ಆ ಮಿಂಚಿನ ಆಯಸ್ಸು ಸೆಕೆಂಡಿನ ಸುಮಾರು ಹತ್ತು ಸಾವಿರದ ಒಂದು ಭಾಗ. ಗಾಳಿಯಲ್ಲಿರುವ ಒಂದೊಂದು ಜೀರಿಗೆಯೂ ಹೊಳೆದು ನಿಲ್ಲುತ್ತದೆ. ಇದನ್ನು ಈಗ ‘ಆಫ್ ಕ್ಯಾಮೆರಾ’ ಎಂದು ಹೊಸ ವಿದ್ಯೆಯೆಂಬಂತೆ ಕಲಿಸುತ್ತಾರೆ. ನಿಜವಾಗಿ ಫ್ಲ್ಯಾಶ್ ಹುಟ್ಟಿದ್ದೇ ಕ್ಯಾಮೆರಾದಿಂದ ದೂರದಲ್ಲಿ. ಅದರ ಮೇಲೆ ಹತ್ತಿ ಕೂತದ್ದು ಆಮೇಲೆ.

1887ರಲ್ಲಿ ಜರ್ಮನಿಯ ಅಡಾಲ್ಫ್ ಮೀಥೆ ಮತ್ತು ಯೊಹಾನೆಸ್ ಗೇಡಿಕೆ ಮೆಗ್ನೀಸಿಯಂ ಪುಡಿಗೆ ಪೊಟ್ಯಾಸಿಯಂ ಕ್ಲೋರೇಟ್ ಬೆರೆಸಿ ಫ್ಲ್ಯಾಶ್ ಪುಡಿ ತಯಾರಿಸಿದರು. ಪಟಾಕಿಯ ಜಾತಿಯ ಈ ಪುಡಿಯನ್ನು ಕ್ಯಾಮೆರಾದ ಮೈಗೆ ಕಟ್ಟಿಕೊಳ್ಳುವುದುಂಟೆ? ನ್ಯೂಯಾರ್ಕಿನ ಪತ್ರಕರ್ತ ಜೇಕಬ್ ರೀಸ್ ಅದನ್ನು ಬಾಣಲೆಯಲ್ಲಿ ಹೊತ್ತಿಸಿ ಕೊಳೆಗೇರಿಗಳ ಕತ್ತಲ ಕೋಣೆಗಳನ್ನು ಚಿತ್ರಿಸಿದ. ಎರಡು ಸಲ ಮನೆಗೆ, ಒಮ್ಮೆ ತನಗೇ ಬೆಂಕಿ ಹಚ್ಚಿಕೊಂಡದ್ದನ್ನು ಅವನೇ ಬರೆದುಕೊಂಡಿದ್ದಾನೆ.

1930ರ ಹೊತ್ತಿಗೆ ಬಲ್ಬು ಬಂತು. ಹೊಗೆಯಿಲ್ಲ, ಸಿಡಿತವಿಲ್ಲ, ಒಂದು ಬಲ್ಬಿಗೆ ಒಂದೇ ಚಿತ್ರ. ಬಲ್ಬಿಗೂ ಶಟರಿಗೂ ತಂತಿಯ ನಂಟು ಬೆಳೆಯಿತು. ಓಡಾಡುವ ಪತ್ರಿಕಾ ಛಾಯಾಗ್ರಾಹಕನಿಗೆ ತಂತಿ ಗಿಡ್ಡವಾದಷ್ಟೂ ಸಲೀಸು. ಬೆಳಕು ಕ್ಯಾಮೆರಾಕ್ಕೆ ಅಂಟಿಕೊಂಡದ್ದು ಹೀಗೆ, ಅಂದಕ್ಕಲ್ಲ, ಅನುಕೂಲಕ್ಕೆ.

ಇದಕ್ಕೆ ಬಗ್ಗದ ಹಟಮಾರಿ ಓ. ವಿನ್‌ಸ್ಟನ್ ಲಿಂಕ್. 1956ರ ಆಗಸ್ಟಿನ ಒಂದು ರಾತ್ರಿ, ವೆಸ್ಟ್ ವರ್ಜೀನಿಯಾದ ಒಂದು ಬಯಲು ಸಿನಿಮಾ ಮೈದಾನ. ಸಾಲು ಕಾರುಗಳು, ಪರದೆ, ಆಚೆ ಧಾವಿಸುವ ಉಗಿಬಂಡಿ: ಇಷ್ಟನ್ನೂ ಒಂದೇ ಮಿಂಚಿನಲ್ಲಿ ಬೆಳಗಲು ಹತ್ತಾರು ಬಲ್ಬುಗಳನ್ನು ತಂತಿಯಲ್ಲಿ ಪೋಣಿಸಿದ. ಎಲ್ಲವೂ ಸಿಕ್ಕಿತು, ಪರದೆಯ ಮೇಲಿನ ಸಿನಿಮಾ ಮಾತ್ರ ಆ ಬೆಳಕಲ್ಲಿ ಅಳಿಸಿಹೋಯಿತು. ಬೇರೆ ನೆಗೆಟಿವಿನಿಂದ ವಿಮಾನದ ದೃಶ್ಯವೊಂದನ್ನು ತಂದು ಅಲ್ಲಿ ಕೂರಿಸಬೇಕಾಯಿತು. ಇಂದಿನ ಆರತಕ್ಷತೆಗಳಲ್ಲಿ ಎಲ್‌ಇಡಿ ಗೋಡೆ ಕೊಡುವ ಕಾಟವೂ ಇದೇ. ಎದುರಿನಿಂದ ಹೊಡೆದರೆ ಗೋಡೆ ಬಿಳಿಚಿಕೊಳ್ಳುತ್ತದೆ. ಫ್ಲ್ಯಾಶನ್ನು ಪಕ್ಕಕ್ಕೆ ಸರಿಸಿ ಶಟರನ್ನು ನಿಧಾನಿಸಿದರೆ ಗೋಡೆಯೂ ಉಳಿಯುತ್ತದೆ, ಮುಖವೂ.

ಅಷ್ಟರೊಳಗೆ ಎಂಐಟಿಯ ಹೆರಾಲ್ಡ್ ಎಡ್ಜರ್ಟನ್ 1930ರ ದಶಕದಲ್ಲಿ ಬೆಳೆಸಿದ ಎಲೆಕ್ಟ್ರಾನಿಕ್ ಫ್ಲ್ಯಾಶ್ ಬಲ್ಬಿನ ಖರ್ಚನ್ನೇ ತಪ್ಪಿಸಿತ್ತು. ಅದು ಕುಗ್ಗುತ್ತ ಬಂದು 1970ರ ದಶಕದಲ್ಲಿ ವಿವಿಟಾರ್ 283, ಮೆಟ್ಜ್ 45ರಂಥ ರೂಪ ತಾಳಿತು. ಛತ್ರಕ್ಕೆ ‘ಸ್ಲೇವ್’ ಬಂತು: ಇನ್ನೊಂದು ಫ್ಲ್ಯಾಶ್ ಮಿನುಗಿದ್ದನ್ನು ಕಂಡು ತಾನೂ ಮಿನುಗುವ ಕಣ್ಣು. ತಂತಿ ಎಡವಿ ಬೀಳುವ ಭಯ ಹೋಯಿತು, ಬೇರೆ ಪೀಡೆ ಶುರುವಾಯಿತು. ನಾನು ಸ್ಟುಡಿಯೋ ಹುಡುಗನಾಗಿ ಬಿಳಿ ಛತ್ರಿ ಹಿಡಿದು ನಿಂತಿದ್ದ ಮೊದಲ ಮದುವೆಯಲ್ಲೇ, ಧಾರೆಯ ನೀರು ಬೀಳುವ ಕ್ಷಣಕ್ಕೆ ಹುಡುಗಿಯ ಸೋದರಮಾವ ತಮ್ಮ ಪುಟ್ಟ ಕ್ಯಾಮೆರಾ ಕ್ಲಿಕ್ಕಿಸಿದರು. ನನ್ನ ಕೈಲಿದ್ದ ಸ್ಲೇವ್ ವಿಧೇಯವಾಗಿ ಅವರಿಗೇ ಬೆಳಕು ಕೊಟ್ಟಿತು. ಮತ್ತೆ ಚಾರ್ಜಾಗಿ ‘ಕುಂಯ್’ ಎನ್ನುವಷ್ಟರಲ್ಲಿ ತಂಬಿಗೆ ಖಾಲಿ. ಯಜಮಾನರು ಬೈದದ್ದು ನನಗೆ.

2003ರಲ್ಲಿ ನಿಕಾನ್ ತನ್ನ ಎಸ್‌ಬಿ-800 ಫ್ಲ್ಯಾಶಿನೊಂದಿಗೆ ಈ ಸ್ಲೇವಿಗೆ ಗುಪ್ತಭಾಷೆ ಕಲಿಸಿತು. ಕ್ಯಾಮೆರಾ ಬೆಳಕಿನ ಸಂಕೇತದಲ್ಲೇ ಆಜ್ಞೆ ಕೊಡುತ್ತದೆ, ಎಷ್ಟು ಬೆಳಕು ಬೇಕೆಂಬುದನ್ನೂ ಹೇಳುತ್ತದೆ. ಮಾವನ ಕ್ಯಾಮೆರಾಕ್ಕೆ ಸ್ಲೇವ್ ಈಗ ಓಗೊಡುವುದಿಲ್ಲ. ಆದರೆ ನಡುವೆ ಒಬ್ಬ ದಪ್ಪನೆಯ ನೆಂಟರು ನಿಂತರೆ ಮಾತು ಕಡಿದುಹೋಗುತ್ತದೆ. ಆ ತೊಂದರೆ ನೀಗಿದ್ದು ರೇಡಿಯೋದಿಂದ. ಪಾಕೆಟ್‌ವಿಜಾರ್ಡ್‌ನಂಥ ಟ್ರಿಗರುಗಳು ಮೊದಲೇ ಇದ್ದರೂ ದುಬಾರಿ. 2012ರಲ್ಲಿ ಕ್ಯಾನನ್ ತನ್ನ 600ಇಎಕ್ಸ್-ಆರ್‌ಟಿಯ ಒಳಗೇ ರೇಡಿಯೋ ಕೂರಿಸಿತು. ಆ ಬಳಿಕ ಶೆನ್‌ಜೆನ್‌ನ ಗೋಡಾಕ್ಸ್ ಅದನ್ನೇ ಅಗ್ಗವಾಗಿಸಿ ತಾಲ್ಲೂಕು ಕೇಂದ್ರದ ಸ್ಟುಡಿಯೋಗಳಿಗೂ ಮುಟ್ಟಿಸಿತು.

ಇವೆಲ್ಲಕ್ಕಿಂತ ದೊಡ್ಡ ಹೆಜ್ಜೆ ಯಂತ್ರದ್ದಲ್ಲ ಎಂದು ನನ್ನ ಲೆಕ್ಕ. ಬಾಲ್ಟಿಮೋರಿನ ಪತ್ರಿಕಾ ಛಾಯಾಗ್ರಾಹಕ ಡೇವಿಡ್ ಹಾಬಿ 2006ರಿಂದ ಪುಟ್ಟ ಫ್ಲ್ಯಾಶುಗಳನ್ನೇ ಮ್ಯಾನ್ಯುಯಲ್‌ನಲ್ಲಿಟ್ಟು, ದೂರ ನಿಲ್ಲಿಸಿ ಬಳಸುವುದನ್ನು ಜಗತ್ತಿಗೆ ಪುಕ್ಕಟೆ ಕಲಿಸಿದರು. ದೂರ ಎರಡರಷ್ಟಾದರೆ ಬೆಳಕು ಕಾಲುಭಾಗ ಎಂಬ ಹೈಸ್ಕೂಲಿನ ಸೂತ್ರವನ್ನು ಲಕ್ಷಾಂತರ ರೂಪಾಯಿಯ ಸ್ಟುಡಿಯೋ ಇಲ್ಲದವರೂ ಕೈಯಾರೆ ಪ್ರಯೋಗಿಸತೊಡಗಿದರು.

ಈಗ ಮಂಟಪದಲ್ಲಿ ಬೆಳಕಿನ ಯಜಮಾನಿಕೆ ವಿಡಿಯೋದವರದು. ಉರಿಯುತ್ತಲೇ ಇರುವ ಅವರ ಎಲ್‌ಇಡಿಯ ಎದುರು ಮದುಮಕ್ಕಳು ಕಣ್ಣು ಕಿರಿದಾಗಿಸಿ ಕೂತಿರುತ್ತಾರೆ. ಮುಖಕ್ಕೆ ಅದೇ ಸಾಕಾಗುವುದರಿಂದ ಸ್ಟಿಲ್ ತೆಗೆಯುವವನು ತನ್ನ ಫ್ಲ್ಯಾಶನ್ನು ಹೋಮಕುಂಡದ ಹಿಂದಕ್ಕೆ ಒಯ್ಯುತ್ತಾನೆ, ಮಕ್ಕಳು ಒದ್ದು ಬೀಳಿಸದಂತೆ ಸ್ಟ್ಯಾಂಡಿಗೆ ಐದು ಲೀಟರಿನ ನೀರಿನ ಕ್ಯಾನು ಕಟ್ಟುತ್ತಾನೆ. ಎದುರಿನ ಬೆಳಕಿಗೆ ಮಂಜಾಗಿ ಮುಖ ಮುಚ್ಚುತ್ತಿದ್ದ ಹೊಗೆ ಈಗ ಹಿಂದಿನಿಂದ ಹೊಳೆಯುತ್ತದೆ. ಅದರ ನಡುವೆ ತುಪ್ಪದ ಹನಿಯೊಂದು ಸವುಟಿನಿಂದ ಇನ್ನೂ ಕಳಚಿಕೊಂಡಿರುವುದಿಲ್ಲ.