ಕಟ್ಟದೆ ಉಳಿದ ವ್ಯೋಮನೌಕೆಗಳು

ಚಲನಚಿತ್ರವೊಂದರಲ್ಲಿ ಕೆಲವೇ ನಿಮಿಷಗಳ ಕಾಲ ಕಾಣಿಸಿಕೊಂಡು ಮರೆಯಾಗುವ ವ್ಯೋಮನೌಕೆಯ ಹಿಂದೆ, ಪ್ರೇಕ್ಷಕನ ಕಣ್ಣಿಗೆ ಎಂದೂ ಬೀಳದ ಎಷ್ಟೋ ನೌಕೆಗಳು ಚಿತ್ರಕಾರನ ಕಾಗದದ ಮೇಲೆ ಹುಟ್ಟಿ ಅಲ್ಲಿಯೇ ಉಳಿದುಬಿಟ್ಟಿರುತ್ತವೆ. ಒಂದು ವಿಮಾನದಂತೆ ಕಂಡಿತೆಂದು, ಇನ್ನೊಂದು ವೆಚ್ಚಕ್ಕೆ ಮೀರಿತೆಂದು, ಮತ್ತೊಂದು ಬೇರೆ ಕಥೆಯ ನೌಕೆಯನ್ನು ಹೋಲಿತೆಂದು ತಿರಸ್ಕೃತವಾದ ಆ ಆಕೃತಿಗಳನ್ನು ಚಲನಚಿತ್ರದ ಇತಿಹಾಸಕಾರರು ಬಹುಕಾಲ ಗಣನೆಗೆ ತಂದುಕೊಂಡವರಲ್ಲ. ಗಣಕಯಂತ್ರದ ನೆರವಿನಿಂದ ತ್ರಿವಿಮಾಕೃತಿಗಳನ್ನು ಕಟ್ಟುವ ವಿದ್ಯೆ ಬೆಳೆದು, ಮನೆಯ ಮೇಜಿನ ಮುಂದೆ ಕುಳಿತವರಿಗೂ ಸಾಧ್ಯವಾದ ಮೇಲೆ, ಈ ಉಪೇಕ್ಷಿತ ನೌಕೆಗಳಿಗೆ ಮರಳಿ ಜೀವ ಬರುತ್ತಿದೆ. ಈ ಕಾರ್ಯವನ್ನು ಬಿಡುವಿನ ವೇಳೆಯ ವಿನೋದವೆಂದು ಎಣಿಸದೆ, ಇತಿಹಾಸರಚನೆಯ ಒಂದು ಪ್ರಕಾರವೆಂದೇ ಗೌರವಿಸತಕ್ಕದ್ದೆಂಬುದು ನನ್ನ ಅಭಿಮತ.

ಈ ಕಲೆಯ ಆರಂಭಕಾಲದಲ್ಲಿ ಆಯ್ಕೆಗೆ ಹೆಚ್ಚಿನ ಅವಕಾಶವಿರಲಿಲ್ಲ. 1902ರಲ್ಲಿ ಫ್ರಾನ್ಸಿನ ಜಾರ್ಜ್ ಮೆಲಿಯೆ ಅವರು ಚಂದ್ರಯಾನದ ಚಿತ್ರವನ್ನು ತೆಗೆದಾಗ, ಜೂಲ್ಸ್ ವರ್ನ್ ಅವರ ಕಾದಂಬರಿಯಲ್ಲಿದ್ದಂತೆ ಫಿರಂಗಿಯಿಂದ ಸಿಡಿದುಹೋಗುವ ಗುಂಡೇ ಅವರಿಗೆ ನೌಕೆಯಾಗಿ ಒದಗಿತು. 1929ರಲ್ಲಿ ಜರ್ಮನಿಯ ಫ್ರಿಟ್ಸ್ ಲಾಂಗ್ ಅವರು ‘ಫ್ರಾವ್ ಇಮ್ ಮೋಂಡ್’ ಚಿತ್ರಕ್ಕೆ ರಾಕೆಟ್ ವಿಜ್ಞಾನಿ ಹರ್ಮನ್ ಓಬರ್ಟ್ ಅವರನ್ನೇ ಸಲಹೆಗಾರರನ್ನಾಗಿ ಪಡೆದು, ಹಂತಹಂತವಾಗಿ ಕಳಚಿಕೊಳ್ಳುವ ರಾಕೆಟ್ಟನ್ನು ತೆರೆಯ ಮೇಲೆ ತಂದರು. ಅಲ್ಲಿಂದ 1950ರ ದಶಕದ ಅಂತ್ಯದವರೆಗೂ ಚೂಪುಮೂತಿಯ ರಾಕೆಟ್ಟು, ಇಲ್ಲವೇ ಹಾರುವ ತಟ್ಟೆ, ಈ ಎರಡರ ನಡುವೆಯೇ ಚಿತ್ರಕಾರರ ಕಲ್ಪನೆ ಬಹುಮಟ್ಟಿಗೆ ಸುಳಿದಾಡುತ್ತಿತ್ತು.

ಈ ಕಟ್ಟನ್ನು ಮುರಿದವರಲ್ಲಿ ಅಗ್ರಗಣ್ಯರಾದವರು ಅಮೆರಿಕದ ಮ್ಯಾಟ್ ಜೆಫ್ರೀಸ್. 1966ರಲ್ಲಿ ಪ್ರಸಾರಕ್ಕೆ ಬಂದ ‘ಸ್ಟಾರ್ ಟ್ರೆಕ್’ ಧಾರಾವಾಹಿಗೆ ‘ಎಂಟರ್‌ಪ್ರೈಸ್’ ನೌಕೆಯನ್ನು ರೂಪಿಸಲು ತೊಡಗಿದ ಅವರಿಗೆ, ಧಾರಾವಾಹಿಯ ಸೃಷ್ಟಿಕರ್ತರಾದ ಜೀನ್ ರಾಡೆನ್‌ಬೆರಿ ಅವರು ವಿಧಿಸಿದ ನಿಬಂಧನೆಗಳು ಬಹುಮಟ್ಟಿಗೆ ನಿಷೇಧರೂಪದವೇ ಆಗಿದ್ದವು: ರೆಕ್ಕೆ ಕೂಡದು, ಬೆಂಕಿಯ ಜ್ವಾಲೆ ಕೂಡದು, ರಾಕೆಟ್ಟಿನ ಹೋಲಿಕೆ ಕೂಡದು. ಸ್ವತಃ ವಿಮಾನಚಾಲಕರಾಗಿದ್ದ ಜೆಫ್ರೀಸ್ ಅವರು, ಅಂತಹ ಬಲವುಳ್ಳ ಎಂಜಿನ್ನುಗಳು ಸಿಬ್ಬಂದಿಗೆ ಅಪಾಯಕಾರಿಯಾಗಿರಲೇಬೇಕೆಂದು ತರ್ಕಿಸಿ, ಅವುಗಳನ್ನು ಉದ್ದನೆಯ ತೋಳುಗಳ ತುದಿಗೆ ದೂರ ಸರಿಸಿದರು. ಮುಂಭಾಗಕ್ಕೆ ಮೊದಲು ಗೋಳವನ್ನು ಬರೆದು ನೋಡಿ, ಕ್ರಮೇಣ ಅದನ್ನು ಚಪ್ಪಟೆಗೊಳಿಸಿ ತಟ್ಟೆಯಾಗಿಸಿದರು. ಈ ರೇಖಾಚಿತ್ರಗಳನ್ನು ಅನುಸರಿಸಿ ಸುಮಾರು 11 ಅಡಿ ಉದ್ದದ ಪ್ರತಿಕೃತಿಯೊಂದು ಸಿದ್ಧವಾಯಿತು. ಅದರ ಒಳಗೆ ದೀಪಗಳನ್ನು ಅಳವಡಿಸಿದಾಗ ತಂತಿಗಳನ್ನು ಎಡಮಗ್ಗುಲಿನಿಂದ ಹೊರಕ್ಕೆ ಎಳೆಯಬೇಕಾದುದರಿಂದ, ಕ್ಯಾಮೆರಾ ಆ ಮಗ್ಗುಲನ್ನು ನೋಡುವಂತಿರಲಿಲ್ಲ. ನೌಕೆ ಎದುರು ದಿಕ್ಕಿಗೆ ಸಾಗಬೇಕಾದಾಗ ಅಕ್ಷರಗಳನ್ನು ತಿರುಗುಮುರುಗಾಗಿ ಅಂಟಿಸಿ, ಬಲಮಗ್ಗುಲನ್ನೇ ಚಿತ್ರೀಕರಿಸಿ, ಬಿಂಬವನ್ನು ಮಗುಚಿ ತೋರಿಸಿದರು. 1974ರಲ್ಲಿ ಸ್ಮಿತ್ಸೋನಿಯನ್ ಸಂಸ್ಥೆಯನ್ನು ಸೇರಿದ ಆ ಪ್ರತಿಕೃತಿ, ಪುನರುದ್ಧಾರಗೊಂಡು 2016ರಲ್ಲಿ ಮತ್ತೆ ಪ್ರದರ್ಶನಕ್ಕೆ ಬಂದಿತು.

ಸ್ಟಾನ್ಲಿ ಕುಬ್ರಿಕ್ ಅವರ ‘2001: ಎ ಸ್ಪೇಸ್ ಒಡಿಸ್ಸಿ’ 1968ರಲ್ಲಿ ತೆರೆಕಂಡಾಗ ನೌಕಾವಿನ್ಯಾಸವು ಶಾಸ್ತ್ರದ ಸಮೀಪಕ್ಕೆ ಬಂದಿತು. ಅಮೆರಿಕದ ಬಾಹ್ಯಾಕಾಶ ಯೋಜನೆಯಲ್ಲಿ ದುಡಿದಿದ್ದ ಹ್ಯಾರಿ ಲಾಂಗೆ ಮತ್ತು ಫ್ರೆಡರಿಕ್ ಆರ್ಡ್‌ವೇ ಅವರ ಪರಿಶ್ರಮದಿಂದ ರೂಪುಗೊಂಡ ‘ಡಿಸ್ಕವರಿ’ ನೌಕೆಯ ದೊಡ್ಡ ಪ್ರತಿಕೃತಿ 54 ಅಡಿ ಉದ್ದವಿತ್ತು. ಪರಮಾಣುಶಕ್ತಿಯಿಂದ ಚಲಿಸುವ ನೌಕೆಯು ತನ್ನ ತಾಪವನ್ನು ಶೂನ್ಯಕ್ಕೆ ಚೆಲ್ಲಬೇಕಾದರೆ ವಿಶಾಲವಾದ ಫಲಕಗಳು ಅವಶ್ಯವೆಂಬುದು ಭೌತಶಾಸ್ತ್ರದ ನಿಯಮ. ಆರಂಭದ ವಿನ್ಯಾಸಗಳಲ್ಲಿ ಅವು ಇದ್ದವು. ಆದರೆ ಗಾಳಿಯಿಲ್ಲದ ಎಡೆಯಲ್ಲಿ ಈ ನೌಕೆಗೆ ರೆಕ್ಕೆಗಳೇಕೆಂದು ಪ್ರೇಕ್ಷಕರು ಶಂಕಿಸುವರೆಂಬ ಕಾರಣದಿಂದ ಅವುಗಳನ್ನು ತೆಗೆದುಹಾಕಲಾಯಿತು. ಶಾಸ್ತ್ರಸಮ್ಮತವಾದುದು ಅಶಾಸ್ತ್ರೀಯವಾಗಿ ತೋರೀತೆಂಬ ಭಯದಿಂದ ಕೈಬಿಟ್ಟುಹೋದ ಈ ಸಂಗತಿಯನ್ನು ತೆರೆಯ ಮೇಲಿನ ನೌಕೆ ನಮಗೆ ಎಂದಿಗೂ ತಿಳಿಸಲಾರದು. ಹಳೆಯ ಕರಡುಗಳಷ್ಟೆ ತಿಳಿಸಬಲ್ಲವು. ಮುಂದೆ 1984ರಲ್ಲಿ ‘2010’ ಎಂಬ ಉತ್ತರಕಥೆಯನ್ನು ಚಿತ್ರಿಸಹೊರಟಾಗ, ಮೂಲ ಪ್ರತಿಕೃತಿಯಾಗಲಿ ನಕ್ಷೆಗಳಾಗಲಿ ಉಳಿದಿರಲಿಲ್ಲ. ಹಳೆಯ ಚಿತ್ರದ ಬಿಂಬಗಳನ್ನು ಹಿಗ್ಗಿಸಿ, ಅಳೆದು, ಡಿಸ್ಕವರಿಯನ್ನು ಹೊಸದಾಗಿ ಕಟ್ಟಬೇಕಾಯಿತು. ಇಂದಿನ ಡಿಜಿಟಲ್ ಪುನಾರಚನೆಯ ವಿಧಾನ, ಗಣಕದ ನೆರವಿಲ್ಲದೆಯೇ, ಅಲ್ಲಿ ಮೊಳೆತಿತ್ತೆನ್ನಬಹುದು.

1977ರ ‘ಸ್ಟಾರ್ ವಾರ್ಸ್’ ಚಿತ್ರದ ಕಾರ್ಯಾಗಾರದಲ್ಲಿ, ಅಂಗಡಿಯಲ್ಲಿ ಮಾರುವ ಟ್ಯಾಂಕು, ಹಡಗು, ವಿಮಾನಗಳ ಪ್ಲಾಸ್ಟಿಕ್ ಕಿಟ್‌ಗಳ ತುಂಡುಗಳನ್ನು ನೌಕೆಗಳ ಮೈಮೇಲೆ ಅಂಟಿಸಿ ಗಾತ್ರದ ಭ್ರಮೆಯನ್ನು ಹುಟ್ಟಿಸುವ ಕಲೆ ಪರಾಕಾಷ್ಠೆಗೆ ಮುಟ್ಟಿತು. ‘ಮಿಲೇನಿಯಂ ಫಾಲ್ಕನ್’ಗೆಂದು ಮೊದಲು ರೂಪಿಸಿದ್ದ ನೀಳವಾದ ನೌಕೆ, ‘ಸ್ಪೇಸ್: 1999’ ಧಾರಾವಾಹಿಯ ‘ಈಗಲ್’ ನೌಕೆಯನ್ನು ಹೋಲುವುದೆಂದು ತಿಳಿದೊಡನೆ, ಅದನ್ನು ಚಿತ್ರದ ಆರಂಭದಲ್ಲಿ ಬೆನ್ನಟ್ಟಿಸಿಕೊಂಡು ಬರುವ ಹಡಗನ್ನಾಗಿ ಮಾರ್ಪಡಿಸಿ, ಅದರ ಚಾಲಕಕೋಷ್ಠವನ್ನು ಹೊಸ ಫಾಲ್ಕನ್ನಿಗೆ ಕೊಟ್ಟರು.

ಗಣಕದೊಳಗೆ ಕಟ್ಟಿದ ನೌಕೆಗಳನ್ನೇ ಪೂರ್ಣವಾಗಿ ನೆಚ್ಚಿದ ಮೊದಲ ಚಿತ್ರವೆಂಬ ಕೀರ್ತಿ 1984ರ ‘ದ ಲಾಸ್ಟ್ ಸ್ಟಾರ್‌ಫೈಟರ್’ಗೆ ಸಲ್ಲುತ್ತದೆ. ರಾನ್ ಕಾಬ್ ಅವರು ವಿನ್ಯಾಸಗೊಳಿಸಿದ ನೌಕೆಗಳ ನಕ್ಷೆಗಳನ್ನು ಮೇಜಿನ ಮೇಲೆ ಹರಡಿ, ಒಂದೊಂದು ಬಿಂದುವನ್ನೂ ಗುರುತಿಸಿ ಯಂತ್ರಕ್ಕೆ ಊಡಿಸಿ, ಆ ಕಾಲದ ಮಹಾಗಣಕವಾದ ಕ್ರೇ ಎಕ್ಸ್-ಎಂಪಿಯಿಂದ ದೃಶ್ಯಗಳನ್ನು ಪಡೆದರು. 1993ರಲ್ಲಿ ‘ಬ್ಯಾಬಿಲಾನ್ 5’ ಧಾರಾವಾಹಿಯ ಮೊದಲ ಕಂತಿಗೆ ಅದೇ ಬಗೆಯ ಕೆಲಸವನ್ನು ಅಮಿಗಾ ಗಣಕಗಳ ಮೇಲೆ ಲೈಟ್‌ವೇವ್ ತಂತ್ರಾಂಶದಿಂದ ಮಾಡಿ ಮುಗಿಸಿದರು. ಮಹಾಗಣಕದ ಸೊತ್ತಾಗಿದ್ದ ವಿದ್ಯೆಯು ಇಂತು ಒಂದು ದಶಕದೊಳಗೆ ಮೇಜಿನ ಗಣಕಕ್ಕೆ ಇಳಿದುಬಂದಿತು.

ಈ ವಿದ್ಯೆಯ ಕ್ರಮವನ್ನು ಸ್ವಲ್ಪ ಸಮೀಪದಿಂದ ನೋಡೋಣ. ಮೂಲನಕ್ಷೆಯನ್ನು ತೆರೆಯ ಹಿನ್ನೆಲೆಯಲ್ಲಿ ಇರಿಸಿಕೊಂಡ ಮಾಡೆಲರ್, ಪೆಟ್ಟಿಗೆ, ಕೊಳವೆ, ತಟ್ಟೆ ಮೊದಲಾದ ಸರಳ ಆಕಾರಗಳಿಂದ ಆರಂಭಿಸಿ, ಬಿಂದುಗಳನ್ನು ಎಳೆದು, ಅಂಚುಗಳನ್ನು ಸೀಳಿ, ಪಾಲಿಗನ್ನುಗಳ, ಎಂದರೆ ಬಹುಭುಜಾಕೃತಿಗಳ, ಬಲೆಯನ್ನು ನಕ್ಷೆಯ ರೇಖೆಗೆ ಒಗ್ಗಿಸುತ್ತಾನೆ. ಕಷ್ಟವು ಹುಟ್ಟುವುದು ಇಲ್ಲಿಯೇ: ಮೇಲಿನ ನೋಟದಲ್ಲಿರುವ ಅಗಲ ಮುಂದಿನ ನೋಟದ ಅಗಲಕ್ಕೆ ಹೊಂದುವುದಿಲ್ಲ, ವರ್ಣಚಿತ್ರವಾದರಂತೂ ಸೊಬಗಿಗಾಗಿ ಕಲಾವಿದನು ಪರ್ಸ್‌ಪೆಕ್ಟಿವ್ ರೇಖೆಗಳನ್ನು ಬಾಗಿಸಿರುತ್ತಾನೆ, ಗಣಕದ ಕ್ಯಾಮೆರಾವನ್ನು ಎಲ್ಲಿಟ್ಟರೂ ಒಂದು ಅಂಚು ಕೂಡಿದರೆ ಇನ್ನೊಂದು ಜಾರುತ್ತದೆ. ಸ್ಟುಡಿಯೋದ ಪ್ರತಿಕೃತಿಗೆ ಕ್ಯಾಮೆರಾ ನೋಡುವ ಮಗ್ಗುಲೊಂದೇ ಸಾಕಾಗಿತ್ತು, ಯಾವ ಕಡೆಗಾದರೂ ತಿರುಗಿಸಿ ನೋಡಬಹುದಾದ ಡಿಜಿಟಲ್ ಪ್ರತಿಕೃತಿಗೆ ಎಲ್ಲ ಮಗ್ಗುಲುಗಳೂ ಬೇಕು. ಆದುದರಿಂದ ಚಿತ್ರಕಾರನು ಬರೆಯದೆ ಬಿಟ್ಟುದನ್ನು ಅವನ ಇತರ ಕರಡುಗಳಿಂದ, ಸಮಕಾಲೀನ ಛಾಯಾಚಿತ್ರಗಳಿಂದ, ಅವನ ಕೈಯ ರೂಢಿಯಿಂದ ಊಹಿಸಿಕೊಳ್ಳದೆ ಗತ್ಯಂತರವಿಲ್ಲ. ತಾಳೆಯೋಲೆಯ ಪ್ರತಿಗಳನ್ನು ಮುಂದಿರಿಸಿಕೊಂಡು ಪಾಠಾಂತರಗಳನ್ನು ತೂಗಿನೋಡುವ ಗ್ರಂಥಸಂಪಾದಕನ ಶ್ರಮವೂ ಈತನ ಶ್ರಮವೂ ಒಂದೇ ಜಾತಿಯವು.

ಕರಡುಗಳು ನಿರರ್ಥಕವಲ್ಲವೆಂಬುದಕ್ಕೆ ಒಂದು ನಿದರ್ಶನ ಸಾಕು. ‘ಪ್ಲಾನೆಟ್ ಆಫ್ ದ ಟೈಟನ್ಸ್’ ಎಂಬ ಸ್ಟಾರ್ ಟ್ರೆಕ್ ಚಲನಚಿತ್ರಕ್ಕಾಗಿ 1970ರ ದಶಕದ ಮಧ್ಯಭಾಗದಲ್ಲಿ ವಿನ್ಯಾಸಕಾರರಾದ ಕೆನ್ ಆಡಮ್ ಮತ್ತು ರಾಲ್ಫ್ ಮೆಕ್ವಾರಿ ಅವರು ಹಿಂಭಾಗವು ತ್ರಿಕೋಣಾಕಾರವಾಗಿದ್ದ ಎಂಟರ್‌ಪ್ರೈಸ್ ಒಂದನ್ನು ರೂಪಿಸಿದರು. ಆ ಚಿತ್ರವನ್ನೇ 1977ರಲ್ಲಿ ಕೈಬಿಟ್ಟದ್ದರಿಂದ ನೌಕೆಯೂ ಮೂಲೆಗೆ ಸರಿಯಿತು. 2017ರಲ್ಲಿ ‘ಸ್ಟಾರ್ ಟ್ರೆಕ್: ಡಿಸ್ಕವರಿ’ ಧಾರಾವಾಹಿ ಆರಂಭವಾದಾಗ ಅದರ ಮುಖ್ಯ ನೌಕೆಗೆ ಆ ಹಳೆಯ ಆಕೃತಿಯೇ ಮೂಲವಾಯಿತು. ಮೆಕ್ವಾರಿ ಅವರು 2012ರಲ್ಲಿಯೇ ತೀರಿಕೊಂಡಿದ್ದರು. ನಾಲ್ಕು ದಶಕಗಳ ಹಿಂದಿನ ಅವರ ರೇಖೆ ಪಾಲಿಗನ್ನುಗಳ ರೂಪದಲ್ಲಿ ಲಕ್ಷಾಂತರ ಜನರೆದುರು ಹಾರಿತು.

ಹೀಗಿರುವಲ್ಲಿ ಈ ಕೆಲಸವನ್ನು ಕೈಗೊಳ್ಳುವವರ ಮೇಲೆ ಒಂದು ಹೊಣೆಯೂ ಇದೆ. ತಾವು ಕಟ್ಟಿದುದರಲ್ಲಿ ಕರಡಿನಿಂದ ಬಂದುದೆಷ್ಟು, ತಮ್ಮ ಊಹೆಯಿಂದ ಸೇರಿದುದೆಷ್ಟು ಎಂಬುದನ್ನು ಅವರು ಪ್ರತ್ಯೇಕಿಸಿ ಬರೆದಿಡಬೇಕು. ಇಲ್ಲವಾದರೆ ಗಣಕವು ನೀಡುವ ಲೋಹದ ಹೊಳಪು, ನೆರಳುಬೆಳಕುಗಳ ನೈಜತೆಗೆ ಮರುಳಾಗಿ ಮುಂದಿನವರು ಊಹೆಯನ್ನೇ ಆಧಾರವೆಂದು ನಂಬುವ ಸಂಭವವುಂಟು. ಸ್ಟುಡಿಯೋಗಳೂ ತಮ್ಮ ಕಪಾಟಿನ ನಕ್ಷೆಗಳನ್ನು, ಆಯ್ಕೆಯಾದವನ್ನೂ ಆಗದವನ್ನೂ, ಸಮಾನ ಶ್ರದ್ಧೆಯಿಂದ ಕಾಪಾಡಿ, ಅಭ್ಯಾಸಿಗಳಿಗೆ ತೆರೆದಿಡುವುದು ಕರ್ತವ್ಯ. ಮನುಷ್ಯನು ನಕ್ಷತ್ರಗಳೆಡೆಗೆ ಹೋಗುವುದನ್ನು ಹೇಗೆಲ್ಲ ಕಲ್ಪಿಸಿಕೊಂಡನೆಂಬುದರ ಚರಿತ್ರೆ, ಆರಿಸಿದ ನೌಕೆಯನ್ನೂ ಬಿಟ್ಟ ನೌಕೆಗಳನ್ನೂ ಒಟ್ಟಿಗೆ ಇರಿಸಿ ನೋಡಿದಾಗಲೇ ಪೂರ್ಣವಾದೀತು.