ಜಪಾನ್ ಪ್ರವಾಸ: ಊರಿಗೊಂದು ನೋಟ, ಊರಿಗೊಂದು ಊಟ

ಪೂರ್ವ ಏಷ್ಯಾದ ದ್ವೀಪರಾಷ್ಟ್ರವಾದ ಜಪಾನಿಗೆ 2024ರಲ್ಲಿ ಸುಮಾರು 3 ಕೋಟಿ 69 ಲಕ್ಷ ವಿದೇಶಿಯರು ಭೇಟಿ ನೀಡಿದರು. ದೇವಾಲಯ, ಉದ್ಯಾನ, ಹಿಮಪರ್ವತಗಳಷ್ಟೇ ಅಲ್ಲಿನ ಊಟವೂ ಅವರನ್ನು ಸೆಳೆಯುತ್ತದೆ. ಜಪಾನೀಯರ ಸಾಂಪ್ರದಾಯಿಕ ಆಹಾರ ಪದ್ಧತಿಯಾದ ‘ವಾಶೊಕು’ 2013ರಲ್ಲಿ ಯುನೆಸ್ಕೊದ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿತು. ಬೆಂಗಳೂರಿನಿಂದ ಟೋಕಿಯೊ ಸಮೀಪದ ನರಿತಾಕ್ಕೆ 2021ರಲ್ಲಿ ನೇರ ವಿಮಾನ ಸಂಚಾರ ಆರಂಭವಾದ ಮೇಲೆ ಕನ್ನಡಿಗರಿಗೂ ಈ ದೇಶ ಹತ್ತಿರವಾಗಿದೆ.

ಜಪಾನಿನ ಬಹುತೇಕ ಊರುಗಳಿಗೆ ತಮ್ಮದೇ ಆದ ಹೆಸರುವಾಸಿ ತಿನಿಸೊಂದು ಇರುತ್ತದೆ. ಇದನ್ನು ಅಲ್ಲಿನವರು ‘ಮೆಯಿಬುತ್ಸು’ ಎನ್ನುತ್ತಾರೆ. ಊರಿನ ಮಣ್ಣು, ನೀರು, ಚಳಿ ಮತ್ತು ಕಸುಬುಗಳಿಂದ ಹುಟ್ಟಿದ ಈ ತಿನಿಸು ಆ ಊರಿನ ಚರಿತ್ರೆಯನ್ನೇ ಹೇಳುತ್ತದೆ. ಹೀಗಾಗಿ ನೋಡುವ ಜಾಗಗಳನ್ನು ಗುರುತುಹಾಕಿಕೊಂಡು ಊಟವನ್ನು ಸಿಕ್ಕಿದ ಕಡೆ ಮುಗಿಸುವ ಪ್ರವಾಸ ಇಲ್ಲಿ ಅರ್ಧ ಪ್ರವಾಸವೇ ಸರಿ.

ಅಡುಗೆಯ ತಳಹದಿ

ಜಪಾನೀ ಅಡುಗೆಯ ಮೂಲದ್ರವ್ಯ ‘ದಾಶಿ’ ಎಂಬ ತಿಳಿಸಾರು. ಇದಕ್ಕೆ ಮುಖ್ಯವಾಗಿ ಬೇಕಾದವು ಎರಡು ವಸ್ತುಗಳು. ಒಂದು, ‘ಕೊಂಬು’ ಎಂಬ ಒಣಗಿಸಿದ ಕಡಲಪಾಚಿ. ಇನ್ನೊಂದು, ‘ಕತ್ಸುವೊಬುಶಿ’, ಅಂದರೆ ಬೇಯಿಸಿ, ಹೊಗೆಯಾಡಿಸಿ, ಮರದ ತುಂಡಿನಷ್ಟು ಗಟ್ಟಿಯಾಗುವಂತೆ ಒಣಗಿಸಿದ ಮೀನು. ಈ ಮೀನನ್ನು ಕಾಗದಕ್ಕಿಂತ ತೆಳುವಾಗಿ ಹೆರೆದು ಬಿಸಿನೀರಿಗೆ ಹಾಕಿ, ಕೆಲವೇ ನಿಮಿಷಗಳಲ್ಲಿ ಸೋಸುತ್ತಾರೆ. ಕೊಂಬಿನಲ್ಲಿರುವ ಗ್ಲುಟಮೇಟ್ ಎಂಬ ಅಂಶವೇ ಈ ಸಾರಿನ ರುಚಿಗೆ ಕಾರಣವೆಂದು 1908ರಲ್ಲಿ ರಸಾಯನಶಾಸ್ತ್ರಜ್ಞ ಕಿಕುನಾಯೆ ಇಕೆದಾ ಗುರುತಿಸಿದರು. ಆ ರುಚಿಗೆ ಅವರಿಟ್ಟ ‘ಉಮಾಮಿ’ ಎಂಬ ಹೆಸರು ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿದೆ.

ಕ್ರಿ.ಶ. 675ರಲ್ಲಿ ತೆನ್ಮು ಚಕ್ರವರ್ತಿ ದನ, ಕುದುರೆ, ಕೋಳಿ ಮೊದಲಾದ ಪ್ರಾಣಿಗಳ ಮಾಂಸವನ್ನು ನಿಷೇಧಿಸಿ ಆಜ್ಞೆ ಹೊರಡಿಸಿದ. 1872ರಲ್ಲಿ ಮೆಯಿಜಿ ಚಕ್ರವರ್ತಿ ಗೋಮಾಂಸ ಸೇವಿಸಿದ ಸುದ್ದಿ ಪ್ರಕಟವಾಗುವ ತನಕ ಈ ಬಗೆಯ ನಿರ್ಬಂಧಗಳು ಒಂದಲ್ಲ ಒಂದು ರೂಪದಲ್ಲಿ ಉಳಿದಿದ್ದವು. ಸೋಯಾ, ಕಡಲಪಾಚಿ, ಅಣಬೆ ಮತ್ತು ಗೆಡ್ಡೆಗೆಣಸುಗಳ ಅಡುಗೆ ಜಪಾನಿನಲ್ಲಿ ಇಷ್ಟು ಸೂಕ್ಷ್ಮವಾಗಿ ಬೆಳೆದದ್ದಕ್ಕೆ ಬೌದ್ಧ ಧರ್ಮದೊಂದಿಗೆ ಈ ದೀರ್ಘ ಇತಿಹಾಸವೂ ಕಾರಣ.

ರೈಲು ಮತ್ತು ಬುತ್ತಿ

ಟೋಕಿಯೊ ಮತ್ತು ಒಸಾಕಾ ನಡುವಿನ ಅತಿವೇಗದ ರೈಲು ‘ಶಿಂಕಾನ್ಸೆನ್’ 1964ರ ಅಕ್ಟೋಬರ್ 1ರಂದು ಓಡಾಟ ಆರಂಭಿಸಿತು. ಸುಮಾರು 515 ಕಿ.ಮೀ. ದೂರವನ್ನು ಅದು ಈಗ ಎರಡೂವರೆ ಗಂಟೆಯಲ್ಲಿ ಕ್ರಮಿಸುತ್ತದೆ. ನಿಲ್ದಾಣಗಳಲ್ಲಿ ಮಾರುವ ಬುತ್ತಿಯ ಹೆಸರು ‘ಎಕಿಬೆನ್’. ಸೀಮೆಯಿಂದ ಸೀಮೆಗೆ ಇದರ ಒಳಗಿನ ಪದಾರ್ಥವೂ ಹೊರಗಿನ ಡಬ್ಬಿಯೂ ಬದಲಾಗುತ್ತವೆ.

ಗುನ್ಮಾ ಪ್ರಾಂತ್ಯದ ಯೊಕೊಕವಾ ನಿಲ್ದಾಣದ ಬುತ್ತಿ ಇದಕ್ಕೆ ಒಳ್ಳೆಯ ಉದಾಹರಣೆ. ಉಸುಯಿ ಘಾಟಿಯ ಕಡಿದಾದ ಏರನ್ನು ಹತ್ತಲು ರೈಲುಗಳಿಗೆ ಇಲ್ಲಿ ಹೆಚ್ಚುವರಿ ಇಂಜಿನ್ ಜೋಡಿಸಬೇಕಾಗಿತ್ತು. ರೈಲು ನಿಂತ ಆ ಹೊತ್ತಿನಲ್ಲಿ ಪ್ರಯಾಣಿಕರಿಗೆ ಬಿಸಿ ಊಟ ಕೊಡಬೇಕೆಂದು 1958ರಲ್ಲಿ ಮಣ್ಣಿನ ಗಡಿಗೆಯ ಬುತ್ತಿಯನ್ನು ಮಾರಾಟಕ್ಕೆ ತರಲಾಯಿತು. ಮಶಿಕೊ ಊರಿನ ಕುಂಬಾರಿಕೆಯ ಈ ಗಡಿಗೆಯಲ್ಲಿ ಮಸಾಲೆ ಅನ್ನದ ಮೇಲೆ ಕೋಳಿ, ಬಿದಿರಿನ ಕಳಲೆ, ಅಣಬೆ, ಪುಟ್ಟ ಮೊಟ್ಟೆ ಮತ್ತು ಏಪ್ರಿಕಾಟ್ ಜೋಡಿಸಿರುತ್ತಾರೆ. 1997ರಲ್ಲಿ ಹೊಸ ಶಿಂಕಾನ್ಸೆನ್ ಮಾರ್ಗ ಬಂದು ಘಾಟಿಯ ರೈಲು ನಿಂತುಹೋಯಿತು. ಬುತ್ತಿಯ ಮಾರಾಟ ಮಾತ್ರ ಈಗಲೂ ನಡೆದಿದೆ.

ಮೂರು ಮಹಾನಗರಗಳು

ಟೋಕಿಯೊದ ಅತಿ ಹಳೆಯ ದೇವಾಲಯ ಅಸಕುಸಾ ಬಡಾವಣೆಯ ಸೆನ್ಸೊಜಿ. ಅದರ ಹೆಬ್ಬಾಗಿಲಿನ ದೊಡ್ಡ ಕೆಂಪು ದೀಪದಿಂದ ಗುಡಿಯವರೆಗೆ ಸಾಲಾಗಿ ತಿಂಡಿ ಅಂಗಡಿಗಳಿವೆ. ತ್ಸುಕಿಜಿಯ ಮೀನಿನ ಸಗಟು ಮಾರುಕಟ್ಟೆ 2018ರ ಅಕ್ಟೋಬರ್‌ನಲ್ಲಿ ತೊಯೊಸುಗೆ ಸ್ಥಳಾಂತರಗೊಂಡಿತು. ಹೊರಗಿನ ಚಿಲ್ಲರೆ ಅಂಗಡಿಗಳು ಹಳೆಯ ಜಾಗದಲ್ಲೇ ಉಳಿದಿವೆ. ದೊಡ್ಡ ಮಳಿಗೆಗಳ ನೆಲಮಾಳಿಗೆಯಲ್ಲಿರುವ ಆಹಾರ ವಿಭಾಗಗಳನ್ನು ಪ್ರವಾಸಿಗರು ತಪ್ಪಿಸಿಕೊಳ್ಳಬಾರದು. ದೇಶದ ನಾನಾ ಸೀಮೆಗಳ ಸಿಹಿಗಳು ಅಲ್ಲಿ ಒಂದೇ ಸೂರಿನಡಿ ಸಿಗುತ್ತವೆ. ಶಿಂಜುಕುವಿನ ನಕಮುರಾಯಾದಲ್ಲಿ ಭಾರತೀಯ ಶೈಲಿಯ ಕರ್ರಿ 1927ರಿಂದ ಲಭ್ಯವಿದೆ. ಬ್ರಿಟಿಷರಿಂದ ತಲೆಮರೆಸಿಕೊಂಡು 1915ರಲ್ಲಿ ಜಪಾನಿಗೆ ಬಂದ ಸ್ವಾತಂತ್ರ್ಯ ಹೋರಾಟಗಾರ ರಾಸ್ ಬಿಹಾರಿ ಬೋಸ್ ಅವರಿಗೆ ಆಶ್ರಯ ನೀಡಿದ್ದು ಇದೇ ಅಂಗಡಿಯ ಮಾಲೀಕರ ಕುಟುಂಬ. ಆ ಅಡುಗೆಯನ್ನು ಅಲ್ಲಿಗೆ ಪರಿಚಯಿಸಿದವರು ಬೋಸ್.

ಒಸಾಕಾ ವ್ಯಾಪಾರಿಗಳ ನಗರ. ದೊತೊಂಬೊರಿ ಕಾಲುವೆಯ ಇಕ್ಕೆಲಗಳಲ್ಲಿ, ಕುಳಿಗಳುಳ್ಳ ಕಾದ ಕಬ್ಬಿಣದ ಹೆಂಚಿನ ಮೇಲೆ ಹಿಟ್ಟು ಹೊಯ್ದು, ಆಕ್ಟೋಪಸ್ ತುಂಡು ಹಾಕಿ, ಚೂಪಾದ ಕಡ್ಡಿಯಿಂದ ಸರಸರನೆ ತಿರುವಿ ಉಂಡೆ ಮಾಡುವ ‘ತಕೊಯಾಕಿ’ಯನ್ನು ನಿಂತು ನೋಡುವುದೇ ಒಂದು ಅನುಭವ. ತಟ್ಟೆಗಳು ಪಟ್ಟಿಯ ಮೇಲೆ ಸುತ್ತಿ ಬರುವ ಸುಶಿ ಅಂಗಡಿ ಮೊದಲು ತೆರೆದದ್ದೂ 1958ರಲ್ಲಿ ಒಸಾಕಾ ಸೀಮೆಯಲ್ಲೇ. ಬಿಯರ್ ಕಾರ್ಖಾನೆಯಲ್ಲಿ ಬಾಟಲಿಗಳು ಸಾಗುವ ಯಂತ್ರಪಟ್ಟಿಯನ್ನು ಕಂಡು ಯೊಶಿಯಾಕಿ ಶಿರೈಶಿ ಇದನ್ನು ರೂಪಿಸಿದರು.

ಕ್ಯೋಟೊ 794ರಿಂದ ಸಾವಿರಕ್ಕೂ ಹೆಚ್ಚು ವರ್ಷ ಚಕ್ರವರ್ತಿಯ ರಾಜಧಾನಿಯಾಗಿತ್ತು. ಸಮುದ್ರದಿಂದ ದೂರವಿದ್ದ ಈ ನಗರಕ್ಕೆ ತಾಜಾ ಮೀನು ಸುಲಭವಾಗಿ ದೊರೆಯುತ್ತಿರಲಿಲ್ಲ. ಹೊಕ್ಕೈದೊದಿಂದ ಹಡಗಿನಲ್ಲಿ ಬಂದ ಕೊಂಬು, ಸುತ್ತಲಿನ ಹೊಲಗಳ ತರಕಾರಿ ಮತ್ತು ಮೃದುವಾದ ನೀರು ಸೇರಿ ಇಲ್ಲಿನ ಅಡುಗೆಯನ್ನು ರೂಪಿಸಿದವು. ಸೋಯಾ ಹಾಲು ಕಾಯಿಸುವಾಗ ಮೇಲೆ ಕಟ್ಟುವ ಕೆನೆಯನ್ನು ಕಡ್ಡಿಯಿಂದ ಎತ್ತಿ ತಯಾರಿಸುವ ‘ಯುಬಾ’ ಇಲ್ಲಿನ ವಿಶೇಷ. ನಾನ್ಜೆನ್ಜಿ ದೇವಾಲಯದ ಬಳಿ ಬಿಸಿನೀರಿನಲ್ಲಿ ಕುದಿಸಿದ ತೋಫು ಊಟ ಬಡಿಸುವ ಹಳೆಯ ಮನೆಗಳಿವೆ. ಸುಮಾರು 390 ಮೀಟರ್ ಉದ್ದದ ನಿಶಿಕಿ ಮಾರುಕಟ್ಟೆಯಲ್ಲಿ ನೂರಕ್ಕೂ ಹೆಚ್ಚು ಅಂಗಡಿಗಳು ಉಪ್ಪಿನಕಾಯಿ, ಚಹಾ ಮತ್ತು ಚಾಕುಗಳನ್ನು ಮಾರುತ್ತವೆ. ಅಲ್ಲಿ ಕೊಂಡ ತಿನಿಸನ್ನು ಆ ಅಂಗಡಿಯ ಮುಂದೆಯೇ ನಿಂತು ತಿನ್ನಬೇಕು. ತಿನ್ನುತ್ತ ನಡೆಯಬಾರದೆಂಬುದು ವರ್ತಕರ ಕೋರಿಕೆ. ಸಾವಿರಾರು ಕೆಂಪು ಕಮಾನುಗಳ ಫುಶಿಮಿ ಇನಾರಿ ಬೆಟ್ಟಕ್ಕೆ ಬೆಳಗಿನ ಜಾವವೇ ಹೋಗುವುದು ಲೇಸು. ಹಗಲಿನ ನೂಕುನುಗ್ಗಲಿನಲ್ಲಿ ಆ ಜಾಗದ ಗಾಂಭೀರ್ಯ ಕಾಣುವುದಿಲ್ಲ.

ಹಿದಾ ಸೀಮೆ: ತಕಯಾಮಾ ಮತ್ತು ಶಿರಕವಾಗೊ

ಜಪಾನಿನ ಮಧ್ಯಭಾಗದ ಗಿಫು ಪ್ರಾಂತ್ಯದ ಉತ್ತರದಲ್ಲಿ ಹಿದಾ ಎಂಬ ಬೆಟ್ಟಗಾಡಿದೆ. ಇದರ ಮುಖ್ಯ ಪಟ್ಟಣ ತಕಯಾಮಾ. ಮಿಯಗವಾ ನದಿಯ ದಡದಲ್ಲಿ ಪ್ರತಿದಿನ ಬೆಳಿಗ್ಗೆ ಸಂತೆ ನೆರೆಯುತ್ತದೆ. ಸುತ್ತಲಿನ ರೈತ ಮಹಿಳೆಯರು ತಾವೇ ಹಾಕಿದ ಕೆಂಪು ಟರ್ನಿಪ್ ಗೆಡ್ಡೆಯ ಉಪ್ಪಿನಕಾಯಿಯನ್ನು ಅಲ್ಲಿ ತಂದು ಮಾರುತ್ತಾರೆ. ಒಣಗಿದ ಮ್ಯಾಗ್ನೋಲಿಯಾ ಎಲೆಯನ್ನು ಪುಟ್ಟ ಇದ್ದಿಲ ಒಲೆಯ ಮೇಲಿಟ್ಟು, ಅದರ ಮೇಲೆ ಸೋಯಾ ಕಾಳನ್ನು ಹುದುಗಿಸಿ ಮಾಡಿದ ‘ಮಿಸೊ’, ಅಣಬೆ ಮತ್ತು ಈರುಳ್ಳಿ ಎಲೆ ಹಚ್ಚಿ ಸುಡುವ ‘ಹೋಬಾ ಮಿಸೊ’ ಈ ಚಳಿನಾಡಿನ ಊಟ. ಅಂಚು ಕರಿದಾಗುತ್ತ ಬರುವ ಎಲೆಯ ಹೊಗೆವಾಸನೆ ಮಿಸೊಗೆ ಇಳಿದಾಗ ಅದನ್ನು ಬಿಸಿ ಅನ್ನಕ್ಕೆ ನೆಂಚಿಕೊಳ್ಳುತ್ತಾರೆ. ಇಲ್ಲಿನ ಅಕ್ಕಿಮದ್ಯದ ಭಟ್ಟಿಗಳ ಸೂರಿನಲ್ಲಿ ದೇವದಾರು ಜಾತಿಯ ಎಲೆಗಳ ದೊಡ್ಡ ಚೆಂಡು ತೂಗುತ್ತಿರುತ್ತದೆ. ಚೆಂಡು ಹಸಿರಾಗಿದ್ದರೆ ಹೊಸ ಮದ್ಯ ಸಿದ್ಧವಾಗಿದೆ ಎಂದು ತಿಳಿಯಬೇಕು.

ತಕಯಾಮಾದಿಂದ ಬಸ್ಸಿನಲ್ಲಿ ಸುಮಾರು 50 ನಿಮಿಷದ ದಾರಿ ಶಿರಕವಾಗೊ. ಇಲ್ಲಿನ ಒಗಿಮಾಚಿ ಹಳ್ಳಿಯೂ ನೆರೆಯ ಗೊಕಯಾಮಾದ ಎರಡು ಹಳ್ಳಿಗಳೂ 1995ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಕೈಮುಗಿದ ಆಕಾರದ ಕಡಿದಾದ ಹುಲ್ಲಿನ ಮಾಡು ಇಲ್ಲಿನ ಮನೆಗಳ ಲಕ್ಷಣ. ಭಾರಿ ಹಿಮ ಬೀಳುವ ಸೀಮೆಯಾದ್ದರಿಂದ ಮಾಡನ್ನು ಸುಮಾರು 60 ಡಿಗ್ರಿ ಓರೆಯಲ್ಲಿ ಕಟ್ಟುತ್ತಾರೆ. ಮಾಡಿನ ಚೌಕಟ್ಟಿಗೆ ಮೊಳೆ ಬಳಸುವುದಿಲ್ಲ. ಮರದ ತೊಲೆಗಳನ್ನು ಹಗ್ಗ ಮತ್ತು ಬಾಗುವ ಹಸಿಕೊಂಬೆಗಳಿಂದ ಬಿಗಿಯುತ್ತಾರೆ. ಗಾಳಿ ಬೀಸಿದಾಗ, ಹಿಮದ ಭಾರ ಬಿದ್ದಾಗ ಚೌಕಟ್ಟು ಮುರಿಯದೆ ಬಳುಕುತ್ತದೆ. ಮನೆಯ ನಡುವಿನ ಅಗ್ಗಿಷ್ಟಿಕೆಯ ಹೊಗೆ ಮೇಲೇರಿ ಹುಲ್ಲು, ಹಗ್ಗಗಳಿಗೆ ಹುಳು ಹತ್ತದಂತೆ ಕಾಪಾಡುತ್ತದೆ.

ಮೂವತ್ತು ನಲವತ್ತು ವರ್ಷಕ್ಕೊಮ್ಮೆ ಹುಲ್ಲು ಹೊದಿಕೆ ಬದಲಾಯಿಸಬೇಕು. ಒಂದು ಕುಟುಂಬದ ಕೈಲಾಗದ ಈ ಕೆಲಸಕ್ಕೆ ನಮ್ಮ ಮುಯ್ಯಾಳು ಪದ್ಧತಿಯಂತೆ ಇಡೀ ಊರು ಸೇರುತ್ತದೆ. ಅದಕ್ಕೆ ಅಲ್ಲಿನ ಹೆಸರು ‘ಯುಯಿ’. ಮಾಡಿನ ಕೆಳಗಿನ ಅಟ್ಟಗಳಲ್ಲಿ ಹಿಂದೆ ರೇಷ್ಮೆ ಹುಳು ಸಾಕುತ್ತಿದ್ದರು. ಬೆಂಕಿಯ ಬಿಸಿ ಮೇಲಕ್ಕೆ ಹರಡಿ ಹುಳುಗಳಿಗೆ ಹಿತವಾಗುತ್ತಿತ್ತು. ಜಪಾನಿನ ರೇಷ್ಮೆ ಜ್ಞಾನಕ್ಕೆ ಕರ್ನಾಟಕದ ನಂಟೂ ಇದೆ: 19ನೇ ಶತಮಾನದ ಕೊನೆಯಲ್ಲಿ ಜಮ್ಷೆಡ್‌ಜಿ ಟಾಟಾ ಬೆಂಗಳೂರಿನಲ್ಲಿ ರೇಷ್ಮೆ ತೋಟ ಸ್ಥಾಪಿಸಿದಾಗ ಜಪಾನೀ ತಜ್ಞರನ್ನು ಕರೆಸಿದ್ದರು. ಟಾಟಾ ಸಿಲ್ಕ್ ಫಾರ್ಮ್ ಎಂಬ ಬಡಾವಣೆಯ ಹೆಸರು ಅದರಿಂದಲೇ ಬಂದದ್ದು.

ಹೆಚ್ಚಿನ ಪ್ರವಾಸಿಗರು ಶಿರಕವಾಗೊಗೆ ಮಧ್ಯಾಹ್ನ ಬಂದು ಚಿತ್ರ ತೆಗೆದು ಸಂಜೆಯ ಬಸ್ಸಿಗೆ ಹೊರಡುತ್ತಾರೆ. ಇದು ಈ ಹಳ್ಳಿಗೆ ತಕ್ಕ ಭೇಟಿಯಲ್ಲ. ಕೆಲವು ಮನೆಗಳಲ್ಲಿ ರಾತ್ರಿ ತಂಗಲು ಅವಕಾಶವಿದೆ. ಅಗ್ಗಿಷ್ಟಿಕೆಯ ಸುತ್ತ ಕುಳಿತು ಕಾಡುಸೊಪ್ಪು, ತೋಫು ಮತ್ತು ಹೊಳೆಮೀನಿನ ಊಟ ಮಾಡಿದಾಗ ಆ ಮನೆಗಳು ವಸ್ತುಸಂಗ್ರಹಾಲಯಗಳಲ್ಲ, ಜನ ಬಾಳುತ್ತಿರುವ ಮನೆಗಳೆಂಬುದು ತಿಳಿಯುತ್ತದೆ.

ಇದೇ ಪ್ರಾಂತ್ಯದ ಗುಜೊ ಹಚಿಮಾನ್ ಊರು ಹೋಟೆಲುಗಳ ಗಾಜಿನ ಕಪಾಟಿನಲ್ಲಿಡುವ ಕೃತಕ ತಿನಿಸುಗಳಿಗೆ ಪ್ರಸಿದ್ಧ. ಈ ಉದ್ಯಮ ಕಟ್ಟಿದ ತಕಿಜೊ ಇವಸಾಕಿ ಹುಟ್ಟಿದ್ದು ಇಲ್ಲಿ. ಬಣ್ಣದ ಮೇಣವನ್ನು ಬೆಚ್ಚಗಿನ ನೀರಿಗೆ ಸುರಿದು ಕರಿದ ತಿಂಡಿಯ ರೂಪ ಕೊಡುವುದನ್ನು ಪ್ರವಾಸಿಗರಿಗೂ ಕಲಿಸುತ್ತಾರೆ. ಭಾಷೆ ಬಾರದವರು ಈ ಮಾದರಿಗಳತ್ತ ಬೆರಳು ತೋರಿಸಿಯೇ ಊಟ ಹೇಳಬಹುದು.

ಕೊಯಾಸಾನ್: ಮಠದಲ್ಲಿ ಒಂದು ರಾತ್ರಿ

ವಕಯಾಮಾ ಪ್ರಾಂತ್ಯದ ಕೊಯಾಸಾನ್, ಸುಮಾರು 800 ಮೀಟರ್ ಎತ್ತರದಲ್ಲಿರುವ ಬೌದ್ಧ ಕ್ಷೇತ್ರ. ಶಿಂಗೊನ್ ಪಂಥದ ಪ್ರವರ್ತಕ ಕೂಕಾಯ್ 816ರಲ್ಲಿ ಇದಕ್ಕೆ ಅಡಿಪಾಯ ಹಾಕಿದ. ಒಸಾಕಾದ ನಂಬಾ ನಿಲ್ದಾಣದಿಂದ ರೈಲು, ಬಳಿಕ ಕೇಬಲ್ ಕಾರು, ಬಳಿಕ ಬಸ್ಸು ಹಿಡಿದು ಇಲ್ಲಿಗೆ ತಲುಪಬೇಕು. ಇಲ್ಲಿನ ನೂರಕ್ಕೂ ಹೆಚ್ಚು ಮಠಗಳಲ್ಲಿ ಸುಮಾರು 50 ಮಠಗಳು ಯಾತ್ರಿಕರಿಗೆ ವಸತಿ ನೀಡುತ್ತವೆ.

ಮಠದ ಊಟವನ್ನು ‘ಶೋಜಿನ್ ರ್ಯೋರಿ’ ಎನ್ನುತ್ತಾರೆ. ಇದರಲ್ಲಿ ಮಾಂಸ ಮೀನುಗಳಿಲ್ಲ. ಈರುಳ್ಳಿ ಬೆಳ್ಳುಳ್ಳಿಗಳೂ ನಿಷಿದ್ಧ. ಸಾರಿಗೆ ಕೊಂಬು ಮತ್ತು ಒಣ ಅಣಬೆಯೇ ಆಧಾರ. ಅರೆದ ಎಳ್ಳಿಗೆ ‘ಕುಜು’ ಬೇರಿನ ಹಿಟ್ಟು ಬೆರೆಸಿ, ಒಲೆಯ ಮೇಲೆ ಕೈಬಿಡದೆ ತಿರುವಿ, ತಣಿಸಿ ಕತ್ತರಿಸಿದ ಎಳ್ಳಿನ ತೋಫು ಈ ಊಟದ ಕಿರೀಟ. ಬೆಟ್ಟದ ಚಳಿಗೆ ಹೆಪ್ಪುಗಟ್ಟಿಸಿ ಒಣಗಿಸಿದ ತೋಫುವಿಗೆ ಈ ಊರಿನದೇ ಹೆಸರು. ಬೆಳಿಗ್ಗೆ ಆರರ ಸುಮಾರಿಗೆ ಮಂತ್ರಪಠಣ ಆರಂಭವಾಗುತ್ತದೆ. ಕೆಲವು ಮಠಗಳಲ್ಲಿ ಅಗ್ನಿಪೂಜೆಯೂ ಉಂಟು. ಇದು ಭಾರತದ ಹೋಮವೇ ಚೀನಾದ ಮಾರ್ಗವಾಗಿ ಅಲ್ಲಿಗೆ ತಲುಪಿದ ರೂಪ.

ಒಕುನೊಯಿನ್ ಎಂಬ ಸಮಾಧಿಕ್ಷೇತ್ರದಲ್ಲಿ ಮುಗಿಲೆತ್ತರದ ಮರಗಳ ನಡುವೆ ಸುಮಾರು 2 ಕಿ.ಮೀ. ದಾರಿಯ ಉದ್ದಕ್ಕೂ 2 ಲಕ್ಷಕ್ಕೂ ಹೆಚ್ಚು ಸ್ಮಾರಕಗಳಿವೆ. ದಾರಿಯ ಕೊನೆಯಲ್ಲಿ ಕೂಕಾಯ್ ಇಂದಿಗೂ ಧ್ಯಾನಸ್ಥನಾಗಿದ್ದಾನೆ ಎಂಬುದು ಭಕ್ತರ ನಂಬಿಕೆ. ಆದ್ದರಿಂದ ಭಿಕ್ಷುಗಳು ಪ್ರತಿದಿನ ಎರಡು ಬಾರಿ ಅವನಿಗೆ ಊಟವನ್ನು ಒಯ್ದು ಅರ್ಪಿಸುತ್ತಾರೆ. ಜಪಾನಿನಲ್ಲಿ ಒಂದೇ ರಾತ್ರಿ ನಗರದ ಹೊರಗೆ ಕಳೆಯಲು ಸಾಧ್ಯವಿರುವ ಕನ್ನಡ ಪ್ರವಾಸಿ ಆ ರಾತ್ರಿಯನ್ನು ಇಲ್ಲಿಗೆ ಮೀಸಲಿಡುವುದು ಉತ್ತಮ.

ಸಸ್ಯಾಹಾರಿಗಳು ತಿಳಿದಿರಬೇಕಾದದ್ದು

ಕಣ್ಣಿಗೆ ತರಕಾರಿಯಾಗಿ ಕಾಣುವ ಎಷ್ಟೋ ಜಪಾನೀ ಅಡುಗೆಗಳಲ್ಲಿ ಮೀನಿನ ದಾಶಿ ಇರುತ್ತದೆ. ಮಿಸೊ ಸಾರು, ನೂಡಲ್ಸ್ ಅದ್ದಿಕೊಳ್ಳುವ ರಸ, ಬೇಯಿಸಿದ ಪಲ್ಯಗಳು ಇದಕ್ಕೆ ಹೊರತಲ್ಲ. ಪ್ಯಾಕೆಟ್ಟಿನ ಕರ್ರಿ ಮಸಾಲೆ ಗಟ್ಟಿಗಳಲ್ಲಿ ಪ್ರಾಣಿಯ ಕೊಬ್ಬು ಸಾಮಾನ್ಯ. ಮಾಂಸ ಬೇಡ ಎಂದಷ್ಟೇ ಹೇಳಿದರೆ ಮೀನು ಬರುವ ಸಂಭವ ಹೆಚ್ಚು; ಮೀನಿನ ದಾಶಿಯೂ ಬೇಡವೆಂದು ಬಿಡಿಸಿ ಹೇಳಬೇಕು. ಸೌತೆಕಾಯಿ ಸುತ್ತಿದ ‘ಕಪ್ಪಾ ಮಾಕಿ’ ಸುಶಿ, ಹುಳಿ ಉಪ್ಪಿನಕಾಯಿ ‘ಉಮೆಬೊಶಿ’ ತುಂಬಿದ ಅನ್ನದ ಉಂಡೆ, ಅಕ್ಕಿ ಮತ್ತು ಕೆಂಪು ಅವರೆಯಂಥ ಕಾಳಿನ ಸಿಹಿತಿಂಡಿಗಳು ಸಾಮಾನ್ಯವಾಗಿ ಅನುಕೂಲ. ಆದರೂ ಅನ್ನದ ಉಂಡೆಯ ಪೊಟ್ಟಣದ ಮೇಲಿನ ಪದಾರ್ಥಗಳ ಪಟ್ಟಿಯನ್ನು ಫೋನಿನ ಅನುವಾದ ಸೌಲಭ್ಯದಿಂದ ಓದಿಕೊಳ್ಳಬೇಕು.

ಊಟದ ಮನೆಯ ಮರ್ಯಾದೆ

ಊಟದ ಕಡ್ಡಿಗಳನ್ನು ಅನ್ನದಲ್ಲಿ ನೆಟ್ಟಗೆ ಚುಚ್ಚಬಾರದು. ಕಡ್ಡಿಯಿಂದ ಕಡ್ಡಿಗೆ ಆಹಾರ ದಾಟಿಸಬಾರದು. ಎರಡೂ ಅಂತ್ಯಸಂಸ್ಕಾರಕ್ಕೆ ಸಂಬಂಧಿಸಿದ ಕ್ರಿಯೆಗಳು. ನೂಡಲ್ಸನ್ನು ಸದ್ದು ಮಾಡಿ ಹೀರುವುದು ತಪ್ಪಲ್ಲ. ಟಿಪ್ಸ್ ಕೊಡುವ ರೂಢಿಯಿಲ್ಲ. ಊಟದ ಮನೆಯ ಹೊರಗೂ ಕೆಲವು ನಿಯಮಗಳಿವೆ. ಬಿಸಿನೀರಿನ ಬುಗ್ಗೆಯ ಸ್ನಾನಗೃಹಗಳಲ್ಲಿ ಮೊದಲು ಮೈ ತೊಳೆದುಕೊಂಡೇ ಕೊಳಕ್ಕೆ ಇಳಿಯಬೇಕು. ಕ್ಯೋಟೊದ ಗಿಯೊನ್ ಬಡಾವಣೆಯ ಖಾಸಗಿ ಓಣಿಗಳಿಗೆ ಪ್ರವಾಸಿಗರ ಪ್ರವೇಶವನ್ನು 2024ರಲ್ಲಿ ನಿಷೇಧಿಸಲಾಯಿತು. ಅನುಮತಿಯಿಲ್ಲದೆ ಗೇಯ್ಶಾ ಕಲಾವಿದೆಯರ ಬೆನ್ನು ಹತ್ತಿ ಚಿತ್ರ ತೆಗೆಯುವವರ ಕಾಟವೇ ಅದಕ್ಕೆ ಕಾರಣ.

ಶಿರಕವಾಗೊ ಮತ್ತು ಕೊಯಾಸಾನ್‌ಗಳಲ್ಲಿ ಕೊಠಡಿಗಳು ಕಡಿಮೆ, ಊಟವನ್ನು ಅತಿಥಿಗಳ ಲೆಕ್ಕಕ್ಕೆ ಸರಿಯಾಗಿಯೇ ತಯಾರಿಸುತ್ತಾರೆ. ಹೋಗಬಯಸುವವರು ಕೆಲವು ತಿಂಗಳು ಮುಂಚೆಯೇ ಜಾಗ ಕಾದಿರಿಸಿ, ತಾವು ಏನು ತಿನ್ನುವುದಿಲ್ಲ ಎಂಬುದನ್ನು ಆಗಲೇ ಬರೆದು ತಿಳಿಸಬೇಕು.