ಮುಂಡರಗಿಯ ಗಡಿ, ದಿಲ್ಲಿಯ ಕರಾರು

1947ರ ಆಗಸ್ಟ್ 15ರಂದು ಮುಂಬಯಿ ಪ್ರಾಂತದ ಗದಗ, ಮುಂಡರಗಿ ಸ್ವತಂತ್ರವಾದವು. ಸಾಂಗ್ಲಿ ಸಂಸ್ಥಾನದ ಶಿರಹಟ್ಟಿ, ಮೀರಜ ಸಂಸ್ಥಾನದ ಲಕ್ಷ್ಮೇಶ್ವರ 1948ರ ಮಾರ್ಚ್ 8ಕ್ಕೆ ಆ ಪ್ರಾಂತದಲ್ಲಿ ವಿಲೀನವಾದವು. ಮುಂಡರಗಿಯ ನೆರೆಯ ಅಳವಂಡಿ, ಕೊಪ್ಪಳ ಮಾತ್ರ ಹೈದರಾಬಾದಿನ ನಿಜಾಮನ ಸೀಮೆಯಲ್ಲೇ ಉಳಿದವು. ಈ ಕಡೆಯವರ ಬಾಯಲ್ಲಿ ಅದು ‘ಮೊಗಲಾಯಿ’. ಗದಗದಲ್ಲಿ ರೈಲು ಹತ್ತಿ ಹೊಸಪೇಟೆಗೆ ಹೊರಟವರು ಬನ್ನಿಕೊಪ್ಪ, ಭಾನಾಪುರ, ಕೊಪ್ಪಳ ಎಂದು ನಿಜಾಮನ ನೆಲ ದಾಟಿ ಮದ್ರಾಸ್ ಪ್ರಾಂತದಲ್ಲಿ ಇಳಿಯುತ್ತಿದ್ದರು. ನಿಜಾಮನ ಪರವಾಗಿದ್ದ ಖಾಸಗಿ ಪಡೆ ರಜಾಕಾರರ ಹಾವಳಿ ಹೆಚ್ಚಿದಾಗ ಮೊಗಲಾಯಿಯ ಜನ ಊರು ಬಿಟ್ಟು ಇತ್ತ ಬಂದರು. ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳ ಮುಂದಾಳ್ತನದಲ್ಲಿ, ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆಯವರ ಮುಂದಾಳ್ತನದಲ್ಲಿ ಶಿಬಿರಗಳು ಎದ್ದವು.

ಬಂದವರನ್ನು ಇಟ್ಟುಕೊಳ್ಳಬೇಕೋ ಬೇಡವೋ ಎಂಬುದನ್ನು ದಿಲ್ಲಿಗಿಂತ ಮೊದಲು ಗಡಿಯೇ ತೀರ್ಮಾನಿಸಿತ್ತು ಎಂಬುದು ನನ್ನ ವಾದ. 1947ರ ನವೆಂಬರ್ 29ರಂದು ದಿಲ್ಲಿ ನಿಜಾಮನೊಂದಿಗೆ ಒಂದು ವರ್ಷದ ಯಥಾಸ್ಥಿತಿ ಒಪ್ಪಂದ ಮಾಡಿಕೊಂಡಿತ್ತು. ಹಾಗಾಗಿ ಶಿಬಿರಗಳನ್ನು ತನ್ನವೆಂದು ಹೇಳಿಕೊಳ್ಳುವಂತಿರಲಿಲ್ಲ. ಆದರೆ ಪೊಲೀಸರು ಇದ್ದದ್ದು ಪ್ರಾಂತದ ಕೈಯಲ್ಲಿ. ಮುಂಬಯಿಯಲ್ಲಿ ಬಿ.ಜಿ. ಖೇರ್ ಸರಕಾರ, ಗೃಹಖಾತೆ ಮೊರಾರ್ಜಿ ದೇಸಾಯಿಯವರದು. ಶಿಬಿರ ಮುಚ್ಚಿಸಬೇಕಾಗಿದ್ದ ಪೊಲೀಸರು ಮುಚ್ಚಿಸಲಿಲ್ಲ. ಹೈದರಾಬಾದ್ 1948ರ ಆಗಸ್ಟ್‌ನಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ಹೋದಾಗ ಗಡಿ ದಾಳಿ, ಆರ್ಥಿಕ ದಿಗ್ಬಂಧನಗಳ ದೂರೂ ಜೊತೆಗಿತ್ತು. ದಿಗ್ಬಂಧನ ಹೇರಿಯೇ ಇಲ್ಲ ಎಂಬುದು ದಿಲ್ಲಿಯ ಉತ್ತರ. ಪ್ರಾಂತ ಕಣ್ಣು ಮುಚ್ಚಿಕೊಳ್ಳದಿದ್ದರೆ ದಿಲ್ಲಿಗೆ ಇಷ್ಟು ಸಲೀಸಾಗಿ ಕೈ ತೊಳೆದುಕೊಳ್ಳಲು ಆಗುತ್ತಿತ್ತೇ?

ಒಂದೇ ಭಾಷೆಯ, ಬೀಗತನದ ಜನ ಹೊಳೆಹಳ್ಳ ದಾಟಿ ಬಂದದ್ದನ್ನು ವಲಸೆ ಎನ್ನಬಹುದೇ ಎಂದು ಕೇಳುವವರಿದ್ದಾರೆ. ಆದರೆ ಆಚೆ ಹಾಲಿ ಸಿಕ್ಕಾ ನಾಣ್ಯವಿತ್ತು, ಸುಂಕ ವಸೂಲಿಗೆ ಕರೋಡಗಿರಿ ನಾಕಾ ಇತ್ತು, ಬೇರೆ ಸೈನ್ಯವಿತ್ತು. ತಾನು ಸ್ವತಂತ್ರನೆಂದು ನಿಜಾಮ ಹೇಳಿಕೊಳ್ಳುತ್ತಿದ್ದ. ಬೀಗರ ಮನೆಗೆ ಬಂದವರೂ ಆಗ ಕಾಗದದ ಮೇಲೆ ಪರರಾಜ್ಯದವರೇ. ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು: ಶಿಬಿರಗಳು ಬರೀ ಆಶ್ರಯತಾಣಗಳಲ್ಲ, ಅಲ್ಲಿಂದ ಹೊರಟ ತರುಣರು ನಿಜಾಮನ ಠಾಣೆ, ನಾಕಾಗಳ ಮೇಲೆ ಬೀಳುತ್ತಿದ್ದರು, ಆದ್ದರಿಂದ ದಿಲ್ಲಿಯ ಹಿಂಜರಿಕೆ ಸರಿಯೇ. ನಿಜ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಹಿಂಜರಿದವರಿಗೆ ಮಾತ್ರ ದಾಳಿಯ ಪ್ರತೀಕಾರದ ಭಯ ಇರಲಿಲ್ಲ. ಅದು ಗಡಿಯ ಹಳ್ಳಿಗಳ ಪಾಲಿಗೆ ಬಿತ್ತು.

1948ರ ಸೆಪ್ಟೆಂಬರ್ 13ಕ್ಕೆ ಸೈನ್ಯ ಒಳಹೊಕ್ಕಿತು, 17ಕ್ಕೆ ನಿಜಾಮ ಮಣಿದ. ಶಿಬಿರಗಳ ಕೆಲಸ ಮುಗಿಯಿತು. ದಿಲ್ಲಿ, ಪ್ರಾಂತಗಳ ನಡುವಿನ ಹಂಚಿಕೆ ಮಾತ್ರ ಉಳಿಯಿತು: 1950ರ ಸಂವಿಧಾನ ದೇಶದೊಳಗೆ ಬರುವವರ ವಿಷಯವನ್ನು ಕೇಂದ್ರದ ಪಟ್ಟಿಗೂ ಪೊಲೀಸ್ ಇಲಾಖೆಯನ್ನು ರಾಜ್ಯದ ಪಟ್ಟಿಗೂ ಹಾಕಿತು. ಮುಂಡರಗಿ, ಕೊಪ್ಪಳ ಒಂದೇ ರಾಜ್ಯಕ್ಕೆ ಸೇರಲು 1956ರ ನವೆಂಬರ್ 1 ಬರಬೇಕಾಯಿತು.